ಅಪ್‌ಡೇಟ್: ಹಳೆ ಮನೆಗೆ ಇವಿ (ಎಲೆಕ್ಟ್ರಿಕ್ ಕಾರು) ಚಾರ್ಜರ್ ಹಾಕಿಸಿ ಆಯ್ತು

ಹಳೆ ವೈರಿಂಗ್‌ಗೇ 7.2 ಕಿಲೋವ್ಯಾಟ್ ಚಾರ್ಜರ್ ಜೋಡಿಸಬಹುದಾ ಅಂತ ಕೇಳಿದ್ದೆ ಅಲ್ವಾ? ಬೇಡ ಅಂತ ತಿಳಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೆಲಸ ಮುಗಿದಿದೆ.

ನಮ್ಮ ಮಂಜೂರಾದ ಲೋಡ್ (ವಿದ್ಯುತ್ ಕಂಪನಿ ನಮ್ಮ ಮನೆಗೆ ಒಪ್ಪಿದ ಗರಿಷ್ಠ ಬಳಕೆ) 3 ಕಿಲೋವ್ಯಾಟ್ ಮಾತ್ರ ಇತ್ತು. ಈ ಚಾರ್ಜರ್ ಒಂದೇ 32 ಆಂಪ್ಸ್ ಹತ್ತಿರ ಎಳೆಯುತ್ತದೆ, ಅದೂ ಗಂಟೆಗಟ್ಟಲೆ. ಲೈಸೆನ್ಸ್ ಇರುವ ಗುತ್ತಿಗೆದಾರರ ಮೂಲಕ ಅರ್ಜಿ ಹಾಕಿ, ಲೋಡ್ ಹೆಚ್ಚಿಸಿ ತ್ರೀ ಫೇಸ್ ಮಾಡಿಸಿದೆವು. ಮೀಟರ್‌ನಿಂದ ಪೋರ್ಟಿಕೋವರೆಗೆ ಬೇರೆಯದೇ ಲೈನ್. ದೂರ ಜಾಸ್ತಿ ಇರುವುದರಿಂದ 10 ಚದರ ಮಿ.ಮೀ. ತಾಮ್ರದ ಕೇಬಲ್, 40 ಆಂಪ್ಸ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್).

ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಕೊಳ್ಳುವಾಗ ಅದು ಯಾವ ಟೈಪ್ ಅಂತ ನೋಡಿ. ಚಾರ್ಜರ್ ಒಳಗೇ 6 ಮಿಲಿಆಂಪ್ಸ್ ಡಿಸಿ ಸೋರಿಕೆ ಪತ್ತೆ ಮಾಡುವ ವ್ಯವಸ್ಥೆ ಇದ್ದರೆ 30 ಮಿಲಿಆಂಪ್ಸಿನ ಟೈಪ್ ಎ ಸಾಕು. ಇಲ್ಲದಿದ್ದರೆ ಟೈಪ್ ಬಿ ಬೇಕು. ಮಾಮೂಲಿ ಟೈಪ್ ಎಸಿ ಮಾತ್ರ ಬೇಡ.

ಜಾಸ್ತಿ ತಲೆ ಕೆಡಿಸಿದ್ದು ಅರ್ತಿಂಗ್. ಮಲ್ಟಿಮೀಟರ್ ಹಿಡಿದು ನೋಡಿದರೆ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ 14 ವೋಲ್ಟ್! ಅರ್ತ್ ಸರಿ ಇಲ್ಲ ಅಂತ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ನೆ ನಿಂತಿತ್ತು. ಬಂದಿದ್ದ ಒಬ್ಬ ಎಲೆಕ್ಟ್ರಿಷಿಯನ್, "ಸಾಕೆಟ್‌ನಲ್ಲೇ ಎರಡನ್ನೂ ಲೂಪ್ ಮಾಡಿಬಿಡ್ತೀನಿ ಸಾರ್, ಓಡುತ್ತೆ" ಅಂದರು. ಅಂದರೆ ನ್ಯೂಟ್ರಲ್ ಮತ್ತು ಅರ್ತ್ ಎರಡನ್ನೂ ಒಂದಕ್ಕೊಂದು ಜೋಡಿಸುವುದು. ದಯವಿಟ್ಟು ಯಾರೂ ಇದಕ್ಕೆ ಒಪ್ಪಬೇಡಿ. ಎಲ್ಲಾದರೂ ನ್ಯೂಟ್ರಲ್ ತಂತಿ ತುಂಡಾದರೆ ಕಾರಿನ ಲೋಹದ ಮೈಗೇ 230 ವೋಲ್ಟ್ ಬರಬಹುದು. ಮಕ್ಕಳು ಮುಟ್ಟುವ ಜಾಗ ಅದು. ನಾವು ಹೊಸ ಅರ್ತ್ ಗುಂಡಿ ತೋಡಿಸಿದೆವು. ಈಗ 1 ವೋಲ್ಟ್‌ಗಿಂತ ಕಡಿಮೆ ಇದೆ, ಚಾರ್ಜಿಂಗ್ ಆರಾಮಾಗಿ ನಡೆಯುತ್ತಿದೆ.