ಮಗಳ ಜರ್ಮನಿ ಖರ್ಚಿಗೆ ಡಾಲರ್ ಆಪ್ಷನ್ ತಗೊಳ್ಳಬೇಕಾ? ಅನುಭವ ಇದ್ದವರು ಹೇಳಿ

ಕೇಳಿದವರು: ಶಿರಸಿಯ ಶಿಕ್ಷಕಿ

ನಾನು ಹೈಸ್ಕೂಲ್ ಶಿಕ್ಷಕಿ. ಅಮೆರಿಕದ ಷೇರುಗಳ ಇಂಡೆಕ್ಸ್ ಫಂಡ್‌ನಲ್ಲಿ ಸುಮಾರು ಎಂಟು ಲಕ್ಷ ಹಾಕಿದ್ದೇನೆ. ಈಗ ದಿನಾ ಇಳಿಯುತ್ತಿದೆ. ಮಗಳು ಮುಂದಿನ ವರ್ಷ ಓದಲು ಜರ್ಮನಿಗೆ ಹೋಗುವವಳು. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆ) 11,904 ಯುರೋ ಇಡಬೇಕು. ನನ್ನ ಬ್ರೋಕರ್ ಕಚೇರಿಯ ಹುಡುಗ ವಾರಕ್ಕೆ ಮೂರು ಸಲ ಫೋನ್ ಮಾಡಿ, "ಡಾಲರ್ ಆಪ್ಷನ್ ತಗೊಳ್ಳಿ ಮೇಡಂ, ಫಂಡಿಗೂ ರಕ್ಷಣೆ, ಮಗಳ ಖರ್ಚಿಗೂ ರಕ್ಷಣೆ" ಎನ್ನುತ್ತಾನೆ. ನನಗೆ ಆಪ್ಷನ್ ಅಂದರೆ ಪ್ರಶ್ನೆಪತ್ರಿಕೆಯಲ್ಲಿ ಬರುವುದು ಮಾತ್ರ ಗೊತ್ತು. ಕೈಯಾರೆ ಮಾಡಿ ನೋಡಿದವರು ಯಾರಾದರೂ ಇದ್ದೀರಾ?

ಕುಮಟಾ, ಗೇರುಬೀಜದ ಕಾರ್ಖಾನೆ

ಅಕ್ಕೋರೆ, ನಾವು ಮಾಡಿದ್ದೇವೆ, ಈಗಲೂ ಮಾಡುತ್ತೇವೆ. ಆದರೆ ಯಾಕೆ ಅಂತ ಮೊದಲು ಕೇಳಿ.

ನಮ್ಮ ಕಾರ್ಖಾನೆಗೆ ಊರಿನ ಬೀಜ ಸಾಲುವುದಿಲ್ಲ. ಆಫ್ರಿಕಾದಿಂದ ತರಿಸುತ್ತೇವೆ, ಮಂಗಳೂರು ಬಂದರಿಗೆ ಬರುತ್ತದೆ. ದರ ಡಾಲರಿನಲ್ಲಿ, ದುಡ್ಡು ಕೊಡುವುದು ಎರಡು ಮೂರು ತಿಂಗಳ ಮೇಲೆ. ತಿರುಳು ಮಾರುವುದು ರೂಪಾಯಿಯಲ್ಲಿ. ನಡುವೆ ಡಾಲರ್ ಏರಿತೋ, ಲಾಭ ಎಲ್ಲ ಅಲ್ಲೇ ಹೋಯಿತು.

2013ರ ಜೂನ್‌ನಲ್ಲಿ ಡಾಲರ್ 58ರ ಹತ್ತಿರ ಇತ್ತು. ಒಂದು ಲಕ್ಷ ಡಾಲರ್ ಕೊಡುವುದಿತ್ತು, ಆಗಸ್ಟ್ ಕೊನೆಗೆ. ಬ್ಯಾಂಕಿನಿಂದ 59ರ ಕಾಲ್ ಆಪ್ಷನ್ ತಗೊಂಡೆವು. ಅಂದರೆ ಡಾಲರ್ ಎಷ್ಟೇ ಏರಲಿ, ನಮಗೆ 59ಕ್ಕೆ ಸಿಗುತ್ತದೆ. ಇಳಿದರೆ ಆಪ್ಷನ್ ಬಿಟ್ಟು ಪೇಟೆ ದರಕ್ಕೆ ಕೊಳ್ಳಬಹುದು. ಈ ಹಕ್ಕಿಗೆ ಡಾಲರಿಗೆ ಒಂದು ರೂಪಾಯಿಯಂತೆ ಒಂದು ಲಕ್ಷ ಪ್ರೀಮಿಯಂ ಮೊದಲೇ ಕೊಟ್ಟೆವು. ಅಪ್ಪ ಎರಡು ದಿನ ನನ್ನ ಹತ್ತಿರ ಮಾತೇ ಆಡಲಿಲ್ಲ. ಆಗಸ್ಟ್ 28ಕ್ಕೆ ಡಾಲರ್ 68 ದಾಟಿತು. ಆಮೇಲೆ ಅಪ್ಪ ಮಾತಾಡಿದರು.

ಇಲ್ಲಿಗೇ ನಿಲ್ಲಿಸಿದರೆ ಕಥೆ ಚೆಂದ. ಮುಂದಿನ ವರ್ಷವೂ ಹಾಗೇ ತಗೊಂಡೆವು. 2014ರಲ್ಲಿ ಡಾಲರ್ 60ರ ಆಚೆ ಈಚೆ ಆಡುತ್ತಾ ಇತ್ತು. ಮೂರು ಸಲ ಪ್ರೀಮಿಯಂ ನೀರಿಗೆ ಹೋಯಿತು. ಅದು ನಷ್ಟ ಅಲ್ಲ, ಲಾರಿಯ ಇನ್ಶೂರೆನ್ಸ್ ಇದ್ದ ಹಾಗೆ. ಲಾರಿ ಪಲ್ಟಿ ಆಗಲಿಲ್ಲ ಅಂತ ಯಾರೂ ಅಳುವುದಿಲ್ಲ ಅಲ್ವಾ?

ಇನ್ನೊಂದು. ಗಲಾಟೆ ಶುರುವಾದ ಮೇಲೆ ಕೊಳ್ಳಲು ಹೋದರೆ ಪ್ರೀಮಿಯಂ ಬಾಯಿ ಸುಡುತ್ತದೆ. ದರ ಜಾಸ್ತಿ ಕುಣಿದಷ್ಟೂ ಆಪ್ಷನ್ ಬೆಲೆ ಏರುತ್ತದೆ. 2013ರ ಆಗಸ್ಟ್ ಕೊನೆಯಲ್ಲಿ ಮುಂದಿನ ಲೋಡಿಗೆ ದರ ಕೇಳಿ, ಫೋನ್ ಇಟ್ಟುಬಿಟ್ಟೆ.

ಪ್ರೀಮಿಯಂ ಇಲ್ಲದ "ಜೀರೋ ಕಾಸ್ಟ್" ಆಪ್ಷನ್ ಅಂತ ಯಾರಾದರೂ ತಂದರೆ ಚಹಾ ಕೊಟ್ಟು ಕಳಿಸಿ. ಅದರಲ್ಲಿ ಒಂದು ಆಪ್ಷನ್ ನೀವು ಕೊಳ್ಳುತ್ತೀರಿ, ನಿಮಗೆ ಗೊತ್ತಾಗದ ಹಾಗೆ ಇನ್ನೊಂದನ್ನು, ಕೆಲವು ಸಲ ಅದರ ದುಪ್ಪಟ್ಟನ್ನು, ಮಾರಿರುತ್ತೀರಿ. 2007ರಲ್ಲಿ ಡಾಲರ್ 39ಕ್ಕೆ ಇಳಿದು, ಇನ್ನೂ ಇಳಿಯುತ್ತದೆ ಅಂತ ಎಲ್ಲರೂ ಹೇಳುವಾಗ ರಫ್ತು ಮಾಡುವವರಿಗೆ ಬ್ಯಾಂಕುಗಳು ಇಂಥದ್ದನ್ನೇ ಮಾರಿದವು. 2008ರ ಕೊನೆಗೆ ಡಾಲರ್ 50 ಮುಟ್ಟಿತು, ಗೊತ್ತಿಲ್ಲದೆ ಮಾರಿದ ಆಪ್ಷನ್ನಿನ ನಷ್ಟ ಅವರ ತಲೆಗೆ ಬಂತು. ತಿರುಪ್ಪೂರಿನ ಬನಿಯನ್ ಕಾರ್ಖಾನೆಯವರು ಕೋರ್ಟಿಗೆ ಅಲೆದರು. 2011ರಲ್ಲಿ ರಿಸರ್ವ್ ಬ್ಯಾಂಕ್ 19 ಬ್ಯಾಂಕುಗಳಿಗೆ ದಂಡ ಹಾಕಿತು. ನನಗೆ ಪರಿಚಯದ ಒಬ್ಬರು ಆ ಕಾಗದಕ್ಕೆ ಸಹಿ ಹಾಕಿ, ಕೊನೆಗೆ ಗೋದಾಮು ಮಾರಿದರು.

ಕಾರವಾರ, ನಿವೃತ್ತ ಬ್ಯಾಂಕ್ ನೌಕರ

ಕುಮಟಾದವರು ಹೇಳಿದ್ದು ಸರಿ, ಆದರೆ ಅಕ್ಕೋರ ಲೆಕ್ಕವೇ ಬೇರೆ. ಆ ಹುಡುಗ ಹೇಳಿದ "ಎರಡೂ ಕಡೆ ರಕ್ಷಣೆ" ಒಂದು ಆಪ್ಷನ್‌ನಿಂದ ಆಗುವ ಮಾತಲ್ಲ. ನಿಮ್ಮ ಫಂಡಿಗೆ ಡಾಲರ್ ಇಳಿದರೆ ನಷ್ಟ, ಅದಕ್ಕೆ ಪುಟ್, ಅಂದರೆ ಗೊತ್ತಾದ ದರಕ್ಕೆ ಮಾರುವ ಹಕ್ಕು ಬೇಕು. ಮಗಳ ಖರ್ಚಿಗೆ ಯುರೋ ಏರಿದರೆ ನಷ್ಟ, ಅದಕ್ಕೆ ಕಾಲ್ ಬೇಕು, ಅದೂ ಯುರೋದ್ದು. ಡಾಲರ್ ಕೊಂಡು ಯುರೋ ಕಾಯುವುದು ಅಂಕೋಲಾ ಬಸ್ ಹತ್ತಿ ಗೋವಾ ಮುಟ್ಟುತ್ತೇನೆ ಅಂದ ಹಾಗೆ. 2022ರಲ್ಲಿ ಡಾಲರ್ 74ರಿಂದ 81ಕ್ಕೆ ಏರಿದಾಗ ಯುರೋ ರೂಪಾಯಿಯೆದುರು ಇಳಿಯುತ್ತಾ ಇತ್ತು. 84 ಇದ್ದದ್ದು 80ರ ಆಸುಪಾಸಿಗೆ ಬಂತು.

ಷೇರು ಬೀಳುವುದನ್ನು ಕರೆನ್ಸಿ ಆಪ್ಷನ್ ತಡೆಯುವುದೂ ಇಲ್ಲ. ಜಗತ್ತಿಗೆ ಗಂಡಾಂತರ ಬಂದಾಗ ವಿದೇಶಿಯರು ನಮ್ಮ ಪೇಟೆಯಿಂದ ದುಡ್ಡು ಎತ್ತುತ್ತಾರೆ, ರೂಪಾಯಿ ಸೋಲುತ್ತದೆ. ನಿಮ್ಮ ಫಂಡಿಗೆ ಅದೇ ಒಂದು ಆಸರೆ. 2008ರಲ್ಲಿ ಅಮೆರಿಕದ ಎಸ್ ಆಂಡ್ ಪಿ 500 ಷೇರು ಸೂಚ್ಯಂಕ ಶೇ. 38ರಷ್ಟು ಬಿತ್ತು. ಅದೇ ವರ್ಷ ಡಾಲರ್ 39 ಚಿಲ್ಲರೆಯಿಂದ 48ರ ಮೇಲೆ ಹೋಯಿತು. ಹಾಗಾಗಿ ರೂಪಾಯಿ ಲೆಕ್ಕದಲ್ಲಿ ನಷ್ಟ ಶೇ. 24ರ ಹತ್ತಿರ. ಆಗ ಯಾರಾದರೂ ಡಾಲರ್ ಇಳಿಯುತ್ತದೆಂದು ಪುಟ್ ಕೊಂಡಿದ್ದರೆ ಪ್ರೀಮಿಯಂ ಸುಮ್ನೆ ದಂಡ.

ನಿಯಮ ಬೇರೆ ಇದೆ. 2024ರ ಮೇ 3ರಿಂದ ಎಕ್ಸ್‌ಚೇಂಜಿನಲ್ಲಿ (ಷೇರುಪೇಟೆಯಲ್ಲಿ) ಕರೆನ್ಸಿ ಆಪ್ಷನ್ ಕೊಳ್ಳುವವರಿಗೆ ಆ ಕರೆನ್ಸಿಯಲ್ಲಿ ನಿಜವಾದ ವ್ಯವಹಾರ ಇರಲೇಬೇಕು. ಹತ್ತು ಕೋಟಿ ಡಾಲರ್‌ವರೆಗೆ ಕಾಗದ ತೋರಿಸಬೇಕಿಲ್ಲ, ಆದರೆ ವ್ಯವಹಾರ ಇಲ್ಲದೆ ಆಡಿದರೆ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ಉಲ್ಲಂಘನೆ. ಆಮೇಲೆ ಅಲ್ಲಿ ವಹಿವಾಟೂ ತೀರಾ ತೆಳ್ಳಗಾಗಿದೆ. ಡಾಲರಿನದು ಒಂದು ಲಾಟ್ ಅಂದರೆ ಸಾವಿರ ಡಾಲರ್. ಅವಧಿ ಮುಗಿದಾಗ ಡಾಲರ್ ಕೈಗೆ ಬರುವುದಿಲ್ಲ, ವ್ಯತ್ಯಾಸ ಮಾತ್ರ ರೂಪಾಯಿಯಲ್ಲಿ ಬರುತ್ತದೆ. ವಹಿವಾಟು ನಡೆಯುವುದು ಹತ್ತಿರದ ಒಂದೆರಡು ತಿಂಗಳದ್ದು ಮಾತ್ರ. ನಿಮಗೆ ಬೇಕಿರುವುದು ಒಂದು ವರ್ಷ. ತಿಂಗಳಿಗೆ 30 ಪೈಸೆ ಪ್ರೀಮಿಯಂ ಅಂತ ಇಟ್ಟುಕೊಳ್ಳಿ, ವರ್ಷಕ್ಕೆ 3 ರೂಪಾಯಿ 60 ಪೈಸೆ. 2014ರ ಶುರುವಿನಲ್ಲಿ 62 ಇದ್ದ ಡಾಲರ್ 2024ರ ಶುರುವಿಗೆ 83. ವರ್ಷಕ್ಕೆ ಸರಾಸರಿ ಎರಡು ರೂಪಾಯಿ ಚಿಲ್ಲರೆ. ಜ್ವರಕ್ಕಿಂತ ಮದ್ದೇ ದುಬಾರಿ.

ಅಂಕೋಲಾ ಕಡೆಯವ, ಹಡಗಿನಲ್ಲಿ ಕೆಲಸ

ಸಂಬಳ ಡಾಲರಿನಲ್ಲಿ, ಹಾಗಾಗಿ ದಿನಾ ದರ ನೋಡುವ ಚಟ. ಹಿರಿಯರ ಒಂದು ಮಾತಿಗೆ ತಕರಾರು. ಗಲಾಟೆಯಲ್ಲಿ ಡಾಲರ್ ಯಾವಾಗಲೂ ಏರುತ್ತದೆ ಅಂತ ಇಲ್ಲ. 2025ರ ಏಪ್ರಿಲ್‌ನಲ್ಲಿ ಸುಂಕದ ಗಲಾಟೆಗೆ ಅಮೆರಿಕದ ಷೇರು ಬಿತ್ತು, ಡಾಲರೂ ಬಿತ್ತು. ಯುರೋ ಮಾತ್ರ ಆ ಒಂದೇ ತಿಂಗಳಲ್ಲಿ 92-93ರಿಂದ 96-97ಕ್ಕೆ ಹೋಯಿತು. ಅಕ್ಕೋರಿಗೆ ಎರಡೂ ಕಡೆಯಿಂದ ಪೆಟ್ಟು ಬೀಳುವುದು ಇಂಥ ಹೊತ್ತಿನಲ್ಲಿ.

ನಾನು ಆಪ್ಷನ್ ಮುಟ್ಟುವುದಿಲ್ಲ. ಎಫ್‌ಸಿಎನ್‌ಆರ್ ಠೇವಣಿಯಲ್ಲಿ ಡಾಲರನ್ನು ಡಾಲರಾಗಿಯೇ ಇಡುತ್ತೇನೆ. ಅದು ಎನ್‌ಆರ್‌ಐಗಳಿಗೆ ಮಾತ್ರ, ನಿಮಗೆ ಆಗುವುದಿಲ್ಲ.

ಯಲ್ಲಾಪುರ ರಸ್ತೆ, ಅಡಿಕೆ ತೋಟ

ಎಲ್ಲರೂ ಕೊಂಡ ಕಥೆ ಹೇಳಿದರು. ನಾನು ಮಾರಿದವ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ.

ಕುಮಟಾದವರು ಗೆದ್ದ ಅದೇ 2013. ಆಗಸ್ಟ್ ಶುರುವಿನಲ್ಲಿ ಡಾಲರ್ 61ರ ಆಸುಪಾಸು. "63ರ ಕಾಲ್ ಮಾರಿ, ಅಷ್ಟು ಮೇಲೆ ಹೋಗುವುದೇ ಇಲ್ಲ, ಪ್ರೀಮಿಯಂ ಪುಕ್ಕಟೆ" ಅಂದ ಒಬ್ಬ ಏಜೆಂಟ್. 20 ಲಾಟ್, 40 ಪೈಸೆಯಂತೆ ಎಂಟು ಸಾವಿರ ಬಂತು. ಹೊರಗೆ ಜಡಿಮಳೆ, ತೋಟಕ್ಕೆ ಕಾಲಿಡುವ ಹಾಗಿಲ್ಲ, ಮನೆಯಲ್ಲಿ ಕೂತೇ ಸಂಪಾದನೆ ಅಂತ ಹಿಗ್ಗಿದೆ. ಜುಲೈಯಲ್ಲೇ ಮಾರ್ಜಿನ್, ಅಂದರೆ ಮಾರುವವರು ಇಡಬೇಕಾದ ಭದ್ರತೆಯ ದುಡ್ಡು, ದುಪ್ಪಟ್ಟು ಮಾಡಿದ್ದರು, ಅದೊಂದು ಎಚ್ಚರಿಕೆ ಅಂತ ತಲೆಗೆ ಹೊಳೆಯಲಿಲ್ಲ. ಮೂರನೇ ವಾರದಿಂದ ದಿನಾ ಫೋನ್, ದುಡ್ಡು ಹಾಕಿ, ದುಡ್ಡು ಹಾಕಿ. ಅವಧಿ ಮುಗಿದದ್ದು ಆಗಸ್ಟ್ 28ಕ್ಕೆ, ಸರಿಯಾಗಿ ಡಾಲರ್ 68 ದಾಟಿದ ದಿನ. ಎಂಟು ಸಾವಿರ ಕಳೆದು ಒಂದು ಲಕ್ಷದ ಹತ್ತಿರ ಹೋಯಿತು.

ಆಮೇಲೆ ಅರ್ಥವಾಯಿತು. ಆಪ್ಷನ್ ಕೊಳ್ಳುವುದು ಮಳೆಗೆ ಮೊದಲು ಅಡಿಕೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟಿಸಿದ ಹಾಗೆ. ಕೂಲಿ ಹೋದರೆ ಹೋಯಿತು, ಅಷ್ಟೇ. ನಾನು ಮಾಡಿದ್ದು ಊರಿನ ಎಲ್ಲರ ತೋಟಕ್ಕೂ ಕೊಳೆ ರೋಗ ಬರುವುದಿಲ್ಲ ಅಂತ ಎಂಟು ಸಾವಿರಕ್ಕೆ ಬರೆದುಕೊಟ್ಟ ಕೆಲಸ. ಅಕ್ಕೋರೆ, ಆ ಹುಡುಗ ಫೋನ್ ಮಾಡಿದರೆ ಒಂದೇ ಕೇಳಿ: ನಾನು ಕೊಳ್ಳುವವಳೋ, ಮಾರುವವಳೋ?

ಶಿರಸಿಯ ಶಿಕ್ಷಕಿ

ಕೇಳಿದೆ. "ಎರಡೂ ಸೇರಿಸಿ ಮಾಡೋಣ ಮೇಡಂ, ಪ್ರೀಮಿಯಂ ಬೀಳುವುದಿಲ್ಲ" ಅಂದ. ಕುಮಟಾದವರ ಗೋದಾಮಿನ ಕಥೆ ನೆನಪಾಯಿತು. ಬೇಡ ಅಂದೆ.

ಫಂಡಿನಲ್ಲಿ ಮಗಳಿಗೆ ಬೇಕಾದ ಪಾಲು ಎಷ್ಟೋ ಅಷ್ಟನ್ನು ತೆಗೆದು ಠೇವಣಿಗೆ ಹಾಕುತ್ತೇನೆ. ಉಳಿದದ್ದು ನನ್ನ ನಿವೃತ್ತಿಗೆ, ಅದು ಕುಣಿಯಲಿ. ಆದರೆ ಯುರೋ ಏರಿದರೆ ಏನು ಮಾಡುವುದು? ಬ್ಯಾಂಕಿನಲ್ಲಿ ಈಗಲೇ ದರ ಕಟ್ಟಿಹಾಕಲು ಆಗುತ್ತದಾ?

ಕಾರವಾರ, ನಿವೃತ್ತ ಬ್ಯಾಂಕ್ ನೌಕರ

ಅದಕ್ಕೆ ಫಾರ್ವರ್ಡ್ ಅನ್ನುತ್ತಾರೆ. ಪ್ರೀಮಿಯಂ ಮೊದಲೇ ಕೊಡುವುದಿಲ್ಲ, ಆದರೆ ಯುರೋ ಇಳಿದರೂ ಹೇಳಿದ ದರಕ್ಕೇ ಕೊಳ್ಳಬೇಕು. ಮಗಳಿಗೆ ಸೀಟು ಸಿಗದಿದ್ದರೆ ಒಪ್ಪಂದ ರದ್ದು ಮಾಡಬೇಕಾಗುತ್ತದೆ, ಆಗ ವ್ಯತ್ಯಾಸ ನಿಮ್ಮ ತಲೆ ಮೇಲೆ. ಹಾಗಾಗಿ ಪ್ರವೇಶ ಪತ್ರ ಬರುವವರೆಗೆ ಕಾಯಿರಿ. ಬಂದ ಮೇಲೆ ತಡ ಮಾಡದೆ ಯುರೋ ಕಳಿಸಿಬಿಟ್ಟರೆ ಫಾರ್ವರ್ಡೂ ಬೇಡ.

ಕುಮಟಾ, ಗೇರುಬೀಜದ ಕಾರ್ಖಾನೆ

ಫಾರ್ವರ್ಡ್ ಬೇಕೇ ಬೇಕು ಅಂದರೆ ಸಣ್ಣ ಶಾಖೆಯಲ್ಲಿ ಕೇಳಬೇಡಿ, ಮೂರು ಟೇಬಲ್ ತಿರುಗಿಸಿ ವಾಪಸ್ ಕಳಿಸುತ್ತಾರೆ. ವಿದೇಶಿ ವಿನಿಮಯ ನೋಡುವ ಶಾಖೆ ಯಾವುದು ಅಂತ ಕೇಳಿಕೊಂಡು ಅಲ್ಲಿಗೇ ಹೋಗಿ. ಹೋಗುವಾಗ ಪಾನ್ ಕಾರ್ಡ್ ಮರೆಯಬೇಡಿ, ನಾನು ಮರೆತು ಎರಡು ಸಲ ಹೋಗಿದ್ದೇನೆ.