ತಲೆ ಸವೆದ ತಿರುಪಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹೊಲಿಗೆ ಯಂತ್ರದ ಸಣ್ಣಪುಟ್ಟ ರಿಪೇರಿ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಬಾಬಿನ್ ಕೇಸಿನ, ಅಂದರೆ ಕೆಳದಾರದ ಉರುಳೆ ಕೂರುವ ಪುಟ್ಟ ಡಬ್ಬಿಯ, ಪುಟಕ್ಕೆ ಬಂದು ಸಿಕ್ಕಿಹಾಕಿಕೊಂಡಿದ್ದೇನೆ. ದಾರದ ಬಿಗಿ ಹೊಂದಿಸಲು ಅದರ ಮೇಲೆ ಎಳ್ಳುಕಾಳಿಗಿಂತ ಚೂರು ದೊಡ್ಡದಾದ ತಿರುಪು ಇರುತ್ತದೆ. ತಲೆಯ ಮೇಲೆ ಒಂದೇ ಸೀಳು. ಅಳತೆಗೆ ಕೂರದ ತಿರುಪುಳಿ ಹಾಕಿ ನಾಲ್ಕು ಸಲ ತಿರುಗಿಸಿದರೆ ಸೀಳಿನ ಅಂಚುಗಳು ಮುಕ್ಕಾಗುತ್ತವೆ. ಆಮೇಲೆ ಎಷ್ಟು ಒತ್ತಿದರೂ ಹಿಡಿತ ಸಿಗುವುದಿಲ್ಲ. ಇಂಗ್ಲಿಷಿನವರು ಇದನ್ನು ಸ್ಟ್ರಿಪ್ಡ್ ಸ್ಕ್ರೂ ಅಂತಾರೆ. ನಾವು?

ತೊಡಕು ಏನೆಂದರೆ ಆ ಇಂಗ್ಲಿಷ್ ಪದ ಎರಡು ಬೇರೆ ಬೇರೆ ತೊಂದರೆಗೆ ನಡೆಯುತ್ತದೆ. ಒಂದು, ತಲೆ ಸವೆದದ್ದು. ತಿರುಪು ಒಳಗೆ ಗಟ್ಟಿಯಾಗಿಯೇ ಕೂತಿದೆ, ತಿರುಗಿಸಲು ಹಿಡಿತವಿಲ್ಲ. ಇನ್ನೊಂದು, ಮೈಮೇಲಿನ ಥ್ರೆಡ್, ಅಂದರೆ ಸುರುಳಿಯಾಗಿ ಸುತ್ತಿದ ಏಣುಗಳು, ಹೋದದ್ದು. ಅದು ಸುಮ್ನೆ ತಿರುಗುತ್ತಲೇ ಇರುತ್ತದೆ, ಮೇಲಕ್ಕೆ ಬರುವುದಿಲ್ಲ. ಮೊದಲನೆಯದಕ್ಕೆ ತಲೆ ಎದ್ದಿದ್ದರೆ ತೆಳು ಅರದಿಂದ ಸೀಳನ್ನು ಆಳ ಮಾಡಬೇಕು. ಪ್ಲಸ್ ತಲೆಯಾದರೆ ರಬ್ಬರ್ ಬ್ಯಾಂಡಿನ ತುಂಡು ನಡುವೆ ಇಟ್ಟು ಒತ್ತಿ ನೋಡಬೇಕು. ಎರಡನೆಯದಕ್ಕೆ ಇದ್ಯಾವುದೂ ಉಪಯೋಗವಿಲ್ಲ. ತಲೆಯ ಅಡಿಗೆ ತೆಳು ಅಲಗು ತೂರಿಸಿ, ಮೇಲಕ್ಕೆ ಮೀಟುತ್ತಲೇ ತಿರುಗಿಸಬೇಕು. ಹಾಗಾಗಿ ಎರಡಕ್ಕೂ ಒಂದೇ ಪದ ಇಟ್ಟರೆ ಓದುವವರ ಕೈ ತಪ್ಪು ಕೆಲಸಕ್ಕೆ ಹೋಗುತ್ತದೆ.

ಮೊದಲು ‘ಸವಕಲು ತಿರುಪು’ ಅಂತ ಬರೆದೆ. ಕಿವಿಗೆ ಚೆನ್ನಾಗಿದೆ, ಸವಕಲು ನಾಣ್ಯ ಅಂತೀವಲ್ಲ. ಆದರೆ ಸವಕಲು ಅಂದರೆ ವರ್ಷಗಟ್ಟಲೆ ಬಳಸಿ ತೆಳ್ಳಗಾದದ್ದು. ತಿರುಪಿನ ತಲೆ ಒಂದೇ ನಿಮಿಷದಲ್ಲಿ ಹಾಳಾಗಬಹುದು. ‘ಮೊಂಡು’ ಚಾಕುವಿಗೆ ಸರಿ, ಸೀಳಿಗೆ ಹೊಂದುವುದಿಲ್ಲ. ‘ತಲೆ ಕೆಟ್ಟ’ ಅನ್ನುವ ಹಾಗಿಲ್ಲ, ಅದರ ಅರ್ಥವೇ ಬೇರೆ. ‘ತಲೆ ಹೋದ’ ಅಂದರೆ ತಲೆ ಮುರಿದೇ ಹೋಯಿತು ಅಂದುಕೊಳ್ಳುತ್ತಾರೆ. ಸದ್ಯಕ್ಕೆ ನನಗೆ ಹತ್ತಿರ ಅನ್ನಿಸಿರುವುದು ‘ತಲೆ ಮುಕ್ಕಾದ ತಿರುಪು’.

ಥ್ರೆಡ್‌ನದು ಇನ್ನೂ ಕಷ್ಟ. ಹೊಲಿಗೆಯ ಪುಸ್ತಕದಲ್ಲಿ ಥ್ರೆಡ್ ಅಂದರೆ ದಾರ ಅಂತಲೇ ಓದುತ್ತಾರೆ, ಅಲ್ವಾ? ‘ಸುತ್ತು’ ಬಳಸೋಣ ಅಂದರೆ ‘ಎರಡು ಸುತ್ತು ತಿರುಗಿಸಿ’ ಅನ್ನುವ ವಾಕ್ಯ ಪಕ್ಕದಲ್ಲೇ ಇದೆ. ‘ಸುರುಳಿಗೆರೆ’ ಅಂತ ಕೂಡಿಸಿ ನೋಡಿದೆ. ಟೈರ್ ಬೋಳಾಗಿದೆ ಅನ್ನುವ ಹಾಗೆ ‘ಗೆರೆ ಬೋಳಾದ ತಿರುಪು’ ಅಂದರೆ ಕಣ್ಣಿಗೆ ಕಟ್ಟುತ್ತದೆ. ಆದರೆ ಇದು ನಾನು ಕಟ್ಟಿದ ಪದ, ಕೆಲಸ ಮಾಡುವವರ ಬಾಯಲ್ಲಿ ಕೇಳಿದ್ದಲ್ಲ.

ಪ್ಲಸ್ ತಲೆಗೆ ಇನ್ನೊಂದು ಮಾತು ಬೇಕು. 1936ರಲ್ಲಿ ಹೆನ್ರಿ ಫಿಲಿಪ್ಸ್ ಹೆಸರಿಗೆ ಪೇಟೆಂಟ್ ಆದ ಆ ತಲೆಯ ಕುಳಿಗೆ ಓರೆ ಗೋಡೆಗಳಿವೆ. ಬಲ ಜಾಸ್ತಿಯಾದರೆ ತಿರುಪುಳಿ ಆ ಓರೆ ಹತ್ತಿ ಹೊರಗೆ ಬರುತ್ತದೆ, ಬರುವಾಗ ಅಂಚನ್ನೂ ಕೆರೆಯುತ್ತದೆ. ‘ಜಾರುತ್ತದೆ’ ಅಂದರೆ ಪಕ್ಕಕ್ಕೆ ಸರಿಯಿತು ಅನ್ನಿಸುತ್ತದೆ. ಅದಕ್ಕೆ ‘ಎಗರುತ್ತದೆ’ ಅಂತ ಹಾಕಿದ್ದೇನೆ. ಇದರ ಬಗ್ಗೆ ನನಗೆ ಅನುಮಾನವಿಲ್ಲ.

ಕೊನೆಗೆ ಕ್ರಿಯಾಪದ. ‘ಬಿಚ್ಚುವುದು’ ಸಲೀಸಾಗಿ ಬರುವ ತಿರುಪಿಗೆ. ಹಟ ಹಿಡಿದದ್ದಕ್ಕೆ ‘ಕೀಳಿ’ ಅಂತ ಬರೆದಿದ್ದೆ. ಕರಡು ಓದಿದ ಗೆಳತಿಯೊಬ್ಬರು ಇಕ್ಕಳದಲ್ಲಿ ಹಿಡಿದು, ಹಲ್ಲು ಕಿತ್ತ ಹಾಗೆ ನೆಟ್ಟಗೆ ಎಳೆದರು. ತಿರುಪು ಬಂತು, ಜೊತೆಗೆ ಕೇಸಿನ ತೂತಿನೊಳಗಿನ ಗೆರೆಗಳೂ ಹಾಳಾದವು. ತಪ್ಪು ಅವರದಲ್ಲ, ಕೀಳು ಅಂದರೆ ಎಳೆಯುವುದೇ ತಾನೆ. ಈಗ ‘ತಿರುಗಿಸುತ್ತಾ ಹೊರತೆಗೆಯಿರಿ’ ಅಂತ ತಿದ್ದಿದ್ದೇನೆ. ಉದ್ದವಾಯಿತು, ಆದರೂ ಇರಲಿ.

ನಿಮ್ಮಲ್ಲಿ ಗಡಿಯಾರ, ಹೊಲಿಗೆ ಯಂತ್ರ, ಕ್ಯಾಮೆರಾ ಬಿಚ್ಚಿ ಕೂಡಿಸುವವರು ಇದ್ದರೆ ದಯವಿಟ್ಟು ಹೇಳಿ: ತಿರುಪಿನ ಮೈಮೇಲಿನ ಆ ಏಣುಗಳಿಗೆ ಕೆಲಸದ ಹೊತ್ತಿನಲ್ಲಿ ಏನಂತೀರಿ? ಅವು ಹೋದಾಗ ‘ಹೋಯ್ತು’ ಅಂತೀರಾ, ‘ಸವೀತು’ ಅಂತೀರಾ, ಬೇರೇನಾದರೂ ಇದೆಯಾ?