ಮಗಳಿಗೆ ಸರ್ಕಾರಿ ಶಾಲೆಯೋ, ಕ್ರೈಸ್ತ ಖಾಸಗಿ ಶಾಲೆಯೋ? ಸಹಾಯ ಬೇಕು

ಮಗಳು ಮುಂದಿನ ವರ್ಷ ಐದನೇ ತರಗತಿ. ಸರ್ಕಾರಿ ಶಾಲೆ ಬಿಡಿಸಿ, ಚರ್ಚ್ ನಡೆಸುವ ಖಾಸಗಿ ಶಾಲೆಗೆ ಸೇರಿಸಬೇಕೆಂದು ನಮ್ಮ ಯಜಮಾನರ ಹಟ. ನಾವು ಕ್ರೈಸ್ತರೇ, ದಿನದ ಪ್ರಾರ್ಥನೆ, ಬೈಬಲ್ ಪಾಠ ನನಗೂ ಇಷ್ಟ. ಅಳುಕಿರುವುದು ವಿಜ್ಞಾನದ ಬಗ್ಗೆ. ಕೆಲವು ಕ್ರೈಸ್ತ ಶಾಲೆಗಳು ಜೀವವಿಕಾಸವನ್ನು ಒಪ್ಪಿ ಕಲಿಸುತ್ತವೆ, ಕೆಲವು, ದೇವರು ಆರು ದಿನಗಳಲ್ಲಿ ಜಗತ್ತನ್ನು ಸೃಷ್ಟಿಸಿದನೆಂಬ ಬೈಬಲ್ ಮಾತನ್ನೇ ವಿಜ್ಞಾನವೆಂದು ಹೇಳಿಕೊಡುತ್ತವೆ. ಈ ಶಾಲೆ ಯಾವ ಬಗೆಯದೆಂದು ಮೊದಲೇ ತಿಳಿಯುವುದು ಹೇಗೆ? ಪಠ್ಯಪುಸ್ತಕ ತೋರಿಸಿ ಎಂದೆ; ಕೈಗಿತ್ತದ್ದು ಬಣ್ಣದ ಕರಪತ್ರ! ಪೋಷಕರು ನಂಬಿಕೆಯ ಹೇಳಿಕೆಗೆ, ಅಂದರೆ ಶಾಲೆಯ ಧಾರ್ಮಿಕ ನಂಬಿಕೆಗಳನ್ನು ಬರೆದ ಪತ್ರಕ್ಕೆ, ಸಹಿ ಹಾಕಬೇಕಂತೆ. ಅದರಲ್ಲಿ ಏನನ್ನು ಗಮನಿಸಬೇಕು?

ಶುಲ್ಕದ ಮಾತು ಬಿಡಿ, ಹೇಗೋ ಹೊಂದಿಸುತ್ತೇವೆ. ಆದರೆ ಮಗಳಿಗೆ ಓದುವುದು ಕಷ್ಟ. ಈಗಿನ ಶಾಲೆಯಲ್ಲಿ ಅದಕ್ಕೆಂದೇ ವಿಶೇಷ ಶಿಕ್ಷಕಿ ಇದ್ದಾರೆ. ಅಲ್ಲಿ ಇಲ್ಲದಿದ್ದರೆ? ಮಕ್ಕಳನ್ನು ಹೀಗೆ ಬದಲಾಯಿಸಿದವರು ದಯವಿಟ್ಟು ಬರೆಯಿರಿ.